ಉತ್ತರೀಯ ಹಾಸಿದ ನೆಲ

ಗುರುಸಂಗಪ್ಪನವರು ಹೆಗಲ ಮೇಲಿನ ಉತ್ತರೀಯವನ್ನು ತೆಗೆದು ನೆಲಕ್ಕೆ ಹಾಸಿದ್ದು ಭಕ್ತಿಯಿಂದ. ಅದರ ಮೇಲೊಂದು ಕಲ್ಲಿಟ್ಟದ್ದು ಗಾಳಿಯ ಭಯದಿಂದ. ಭಕ್ತಿ, ಭಯ ಎರಡೂ ಸಜ್ಜನರ ಲಕ್ಷಣಗಳೇ. ಆದರೂ ಸೂರ್ಯನು ನೆತ್ತಿಗೇರುವುದರೊಳಗೆ ಗಜೇಂದ್ರಗಡವೆಂಬ ಗಜೇಂದ್ರಗಡವೇ ಬಂದು ಅವರ ಕೊರಳಿಗೆ ಬಿತ್ತು.

ಅದು ಕಾಲೇಜಿನ ಪಕ್ಕದ ಬಯಲು. ಒಂದು ಮಗ್ಗುಲಿಗೆ ಬಸ್ ನಿಲ್ದಾಣ, ಇನ್ನೊಂದು ಮಗ್ಗುಲಿಗೆ ಪೇಟೆ, ನಡುವೆ ಕಾಲೇಜು. ಇಂಥ ಪುಣ್ಯಸಂಗಮದಲ್ಲಿ ತೆರವಾಗಿ ಬಿದ್ದ ನೆಲ ಗಾಡಿಗಳ ಪಾಲಾಗದೆ ಉಳಿದೀತೆ? ಎಷ್ಟೋ ವರ್ಷಗಳಿಂದ ಅಲ್ಲಿ ಮೋಟಾರು ಸೈಕಲ್ಲುಗಳು, ಟಂಟಂ ಆಟೋಗಳು, ಟ್ರ್ಯಾಕ್ಟರುಗಳು, ಗಾಲಿ ಕಳಚಿಕೊಂಡು ಸಮಾಧಿಸ್ಥವಾದ ಒಂದು ಜೀಪು ಎಲ್ಲವೂ ಸಂಸ್ಕೃತದ ದೀರ್ಘಸಮಾಸದಂತೆ ಒಂದಕ್ಕೊಂದು ಬೆಸೆದುಕೊಂಡು, ಯಾವುದನ್ನು ಎಲ್ಲಿ ಬಿಡಿಸಬೇಕೆಂಬುದು ಪಂಡಿತರಿಗೂ ತಿಳಿಯದಂತೆ ನಿಂತಿರುತ್ತಿದ್ದವು. ವಿದ್ಯಾರ್ಥಿಗಳು ಹೊಟ್ಟೆಯನ್ನು ಒಳಗೆಳೆದುಕೊಂಡು, ಏಡಿಯಂತೆ ಅಡ್ಡಡ್ಡ ನಡೆದು ವಿದ್ಯಾಮಂದಿರದ ಬಾಗಿಲು ಮುಟ್ಟಬೇಕಿತ್ತು.

ಈಗ ಊರಿನ ನಡುಭಾಗವನ್ನು ಹೊಸದಾಗಿ ರೂಪಿಸುವ ಯೋಜನೆಯೊಂದು ಬಂದಿತ್ತು. ಅದರಂತೆ ಬಯಲಿನಲ್ಲಿ ಒಂದು ಗ್ರಂಥಾಲಯ ಭವನ. ಗಾಡಿಗಳಿಗೆ ಊರ ಹೊರಗೆ ರೋಣದ ರಸ್ತೆಯಲ್ಲಿರುವ ಹಳೆಯ ಹತ್ತಿಗಿರಣಿಯ ಜಿನ್ನಿಂಗ್ ಆವರಣ. ಎರಡೂ ಸ್ಥಳಗಳನ್ನು ಕಣ್ಣಾರೆ ಕಂಡು ತೀರ್ಮಾನಿಸಲು ಸಮಿತಿಯೊಂದು ಆ ದಿನವೇ ಇಳಿಹೊತ್ತಿಗೆ ಬರುವುದಿತ್ತು. ಬಯಲು ತೆರವಾಗಿದ್ದರೆ ಭವನ ಇಲ್ಲಿ. ಇಲ್ಲದಿದ್ದರೆ ಆ ಭಾಗ್ಯ ನರಗುಂದಕ್ಕೆ.

ಗುರುಸಂಗಪ್ಪನವರು ಆ ಕಾಲೇಜಿನ ಗ್ರಂಥಪಾಲರು. ಅವರ ಗ್ರಂಥಗಳಿದ್ದದ್ದು ತಗಡು ಹೊದೆಸಿದ ಒಂದು ಹಿಂಗೋಣೆಯಲ್ಲಿ. ಮಳೆ ಬಂದಾಗ ಅವರು ವ್ಯಾಕರಣವನ್ನು ಎತ್ತಿ ಜ್ಯೋತಿಷದ ಮೇಲಿಟ್ಟು, ಜ್ಯೋತಿಷವನ್ನು ಎತ್ತಿ ವೇದಾಂತದ ಮೇಲಿಟ್ಟು, ಕೊನೆಗೆ ಎಲ್ಲದರ ಮೇಲೆ ತಾವೇ ಕೊಡೆ ಹಿಡಿದು ಕೂರುತ್ತಿದ್ದರು. ಬೇಸಿಗೆಯಲ್ಲಿ ನೀರಿನ ಕಾಟ ತಪ್ಪಿದರೆ ಗೆದ್ದಲಿನ ಕಾಟ. ಆ ಗೆದ್ದಲುಗಳಷ್ಟು ಶ್ರದ್ಧೆಯಿಂದ ಅಲ್ಲಿ ಮತ್ತಾರೂ ಓದಿದ್ದಿಲ್ಲ. ಸೋರದ ಸೂರಿನ ಕೆಳಗೆ ಆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಒಮ್ಮೆ ಊದುಬತ್ತಿ ಬೆಳಗಿದರೆ ತಮ್ಮ ಜನ್ಮ ಸಾರ್ಥಕವೆಂದು ಅವರು ನಂಬಿದ್ದರು. ಬದುಕಿನಲ್ಲಿ ಅವರು ಬಯಸಿದ್ದು ಇದೊಂದನ್ನೇ.

ಆದುದರಿಂದ ಮಂಜೂರಾಗುವವರೆಗೆ ಕಾರಣವನ್ನು ಗುಟ್ಟಾಗಿಟ್ಟು, ವಾರವಿಡೀ ಒಬ್ಬೊಬ್ಬ ಗಾಡಿಯವನ ಗಲ್ಲ ಹಿಡಿದು ಬೇಡಿಕೊಂಡು ಬಯಲನ್ನು ಬರಿದು ಮಾಡಿಸಿದ್ದರು. ಆ ಮುಂಜಾನೆ ಮಿಂದು ಮಡಿಯುಟ್ಟು, ವಿಭೂತಿ ಧರಿಸಿ ಬಂದು ನೋಡುತ್ತಾರೆ: ನೆಲ ಕಾಣುತ್ತಿದೆ! ಅವರಿಗೆ ಕಣ್ಣು ತುಂಬಿತು. ಈಶಾನ್ಯದ ಮೂಲೆಯನ್ನು ಹುಡುಕಿ, ಸಮಿತಿಯವರಿಗೆ 'ಅಡಿಗಲ್ಲು ಇಲ್ಲಿ ಬರಬೇಕು' ಎಂದು ತೋರಿಸುವ ಗುರುತಿಗಾಗಿ ಉತ್ತರೀಯ ಹಾಸಿ ಕೈಮುಗಿದರು. ಗುಡ್ಡದ ಮೇಲಿನ ದೈತ್ಯಾಕಾರದ ಗಾಳಿಯಂತ್ರಗಳನ್ನೇ ಗರಗರ ತಿರುಗಿಸುವ ಗಾಳಿಗೆ ಒಂದು ಉತ್ತರೀಯ ಯಾವ ಲೆಕ್ಕ? ಒಂದು ಕಲ್ಲಿಟ್ಟರು. ಶುಭವಾರ್ತೆಯನ್ನು ಪ್ರಾಚಾರ್ಯೆ ಮಹೇಶ್ವರಿಯವರಿಗೆ ತಿಳಿಸಲು ಒಳಗೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಶ್ರುತಿಯನ್ನು ಅಲ್ಲಗಳೆಯುವವರುಂಟು, ಸ್ಮೃತಿಯನ್ನು ಮೀರುವವರೂ ಉಂಟು. ಆದರೆ ಬಸ್ಸಿನ ಕಿಟಕಿಯಿಂದ ಒಳಗೆಸೆದ ಟವೆಲನ್ನು ಉಲ್ಲಂಘಿಸಿದವನು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಎಸೆದವನು ಇನ್ನೂ ಚಹಾ ಕುಡಿಯುತ್ತಿರಲಿ, ಬಸ್ಸಿನ ಹಿಂದೆ ಓಡಿ ಬರುತ್ತಿರಲಿ, ಆಸನ ಅವನದೇ. ಬಸ್ ನಿಲ್ದಾಣದ ಎದುರಿನಲ್ಲೇ ಬಟ್ಟೆ ಹಾಸುವಾಗ ಗುರುಸಂಗಪ್ಪನವರು ಈ ಸನಾತನ ಧರ್ಮವನ್ನು ಮರೆತದ್ದೇ ಪ್ರಮಾದವಾಯಿತು.

ಅವರು ಹೊರಗೆ ಬಂದು ನೋಡಿದಾಗ ಉತ್ತರೀಯದ ಪಕ್ಕದಲ್ಲಿ ಗೀರುಗೀರಿನ ಒಂದು ಟವೆಲು ಮಲಗಿತ್ತು. ಅದರ ಮೇಲೂ ಒಂದು ಕಲ್ಲು. ಎದುರಿನ ಚಹಾದಂಗಡಿಯ ಮದರಸಾಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಮದರಸಾಬ, ಏನಪಾ ಇದು?"

"ಏನಿಲ್ರಿ ಸರ. ನೀವು ಹಾಕಿದ್ರಿ, ನಾನೂ ಹಾಕ್ದೆ. ಮೂಲ್ಯಾಗಿಂದು ನಿಮಗಿರ್ಲಿ, ನಿಮ್ಮ ಬಾಜೂಕಿಂದು ನನ್ನ ಸ್ಕೂಟರಿಗೆ. ನಾ ಏನ್ ತಕರಾರ ಮಾಡಂಗಿಲ್ಲ."

"ಅಲ್ಲೋ ಮಾರಾಯಾ, ನಾ ಹಾಕಿದ್ದು ಬರೇ ಗುರುತಿಗೆ!"

"ನಂದೂ ಗುರುತಿಗೇ ರೀ. ಟವಲ್ ಮತ್ತ್ಯಾತಕ್ಕ ಹಾಕ್ತಾರ್ರಿ, ಊಟಕ್ಕೇನು? ಹಂಚೂದು ಯಾವಾಗ ಅಷ್ಟ ಹೇಳಿಬಿಡ್ರಿ."

"ಹಂಚೂದಾ? ಏನನ್ನ?"

ಮದರಸಾಬ ಎಡಗಣ್ಣು ಮಿಟುಕಿಸಿದ. "ಎಷ್ಟ್ ಗುಟ್ಟು ಮಾಡ್ತೀರಿ ಸರ! ವಾರಗಟ್ಲೆ ಎಲ್ಲಾರ ಗಾಡಿ ಬಿಡಿಸಿದ್ರಿ. ಇವತ್ತ ಕಚೇರಿ ಮಂದಿ ಬರಾಕತ್ತಾರ. ಮುಂಜಾನೆದ್ದು ಮೊದಲ ನೀವಾ ಬಂದು ಟವಲ್ ಹಾಕಿದ್ರಿ. ಇಷ್ಟು ಕಂಡ ಮ್ಯಾಲೂ ತಿಳೀಲಿಲ್ಲಂದ್ರ ನಾ ಚಹಾ ಮಾರೂದಲ್ಲ, ಚಹಾ ಸೋಸೂ ಅರಿವ್ಯಾಗ ಮಾರಿ ಮುಚ್ಚಿಕೋಬೇಕು."

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಮದರಸಾಬನ ಅನುಮಾನದಲ್ಲಿ ಹೊಗೆಯೂ ಇತ್ತು, ವ್ಯಾಪ್ತಿಯೂ ಇತ್ತು, ಬೆಂಕಿಯೊಂದೇ ಇರಲಿಲ್ಲ. ಇದನ್ನು ಗುರುಸಂಗಪ್ಪನವರು ಸಾಧಾರವಾಗಿ ವಿವರಿಸಲು ತೊಡಗುವಷ್ಟರಲ್ಲಿ, ಕಾಯಿಪಲ್ಲೆ ಮಾರುವ ರಾಜೂರಿನ ಕರೆವ್ವ ಬಂದು ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಬುಟ್ಟಿಯ ಕೆಳಗಿನ ಸಿಂಬೆಯನ್ನು ತೆಗೆದು ಮದರಸಾಬನ ಟವೆಲಿನ ಪಕ್ಕಕ್ಕೆ ಪ್ರತಿಷ್ಠಾಪಿಸಿದಳು.

"ಯವ್ವಾ, ನಿನಗ್ಯಾಕಬೇ ಇದು? ನಿನ್ನ ಹತ್ರ ಗಾಡೀನ ಇಲ್ಲ!"

"ಮೊಮ್ಮಗ ಟಂಟಂ ತಗೋತಾನ್ರಿ."

"ಎಷ್ಟ್ ದೊಡ್ಡಾಂವ ಅದಾನ?"

"ಈಗ ಅಂಬೆಗಾಲ ಇಡಾಕತ್ತಾನ. ಅಂವ ದೊಡ್ಡಾಂವ ಆಗೂತನಾ ನೀವು ಜಾಗಾ ಕಾಯ್ಕೊಂಡ್ ಕುಂದರ್ತೀರೇನು?"

ಆ ಬಳಿಕ ನಡೆದದ್ದನ್ನು ಪ್ರವಾಹವೆನ್ನಬೇಕು. ಆಸೂಟಿಯ ಟಂಟಂ ಚಾಲಕ ಯಮನೂರ ಗಾಡಿಯ ಸೀಟಿನ ಹೊದಿಕೆಯನ್ನೇ ಕಿತ್ತು ತಂದು ಹಾಸಿದ. ಒಬ್ಬನು ಶರಟು ಬಿಚ್ಚಿ ಹಾಸಿ ಬರಿಮೈಯಲ್ಲಿ ಕಾವಲು ನಿಂತ. ಮೊಬೈಲುಗಳು ಮೊಳಗಿದವು: "ಲೇ ಲಗೂ ಬರ್ರೋ, ಬರುವಾಗ ಅರಿವಿ ತರ್ರೋ!" ಗಜೇಂದ್ರಗಡವಾದರೋ ನೇಕಾರರ ಊರು, ಅನ್ನಕ್ಕೆ ಬರ ಬಂದರೂ ಅಲ್ಲಿ ಅರಿವೆಗೆ ಬರವಿಲ್ಲ. ಪಂಚೆ, ಲುಂಗಿ, ಚಾದರ, ಕೂಸಿನ ಕುಲಾಯಿ ಹೀಗೆ ಹಾಸುತ್ತ ಹಾಸುತ್ತ ಬಯಲು ಅಗಸರ ಹೊಂಡದ ದಂಡೆಯಂತಾಯಿತು. ನೆಲ ಮತ್ತೆ ಕಾಣದಾಯಿತು.

ಆಗ ಧರ್ಮಸೂಕ್ಷ್ಮವೊಂದು ಎದ್ದಿತು. ನೇಕಾರ ಕಲ್ಲೇಶ ಮಗ್ಗದಿಂದ ಆಗತಾನೆ ಇಳಿಸಿದ ಇಡೀ ಸೀರೆಯನ್ನು ತಂದು ಈ ಕೊನೆಯಿಂದ ಆ ಕೊನೆಗೆ ಬಿಡಿಸಿದ್ದ.

"ಏ ಕಲ್ಲೇಶಾ, ಇದೇನ್ ಟವಲ್ಲೇನಲೇ? ಲಾರಿ ನಿಲ್ಲಿಸ್ತೀ ಏನು?" ಎಂದು ಯಮನೂರ ಏರಿ ಬಂದ.

"ಒಂದಾ ಅರಿವಿ ಐತಿ, ಎಣಿಸ್ಕೋ! ನಿಂದು ಗಿಡ್ಡ ಇದ್ರ ನಾ ಏನ್ ಮಾಡ್ಲಿ?"

"ಸರ್‌ನ ಕೇಳೋಣ! ಅವರು ಓದಿದವ್ರು. ಸರ, ನೀವಾ ಹೇಳ್ರಿ. ಉದ್ದ ಅರಿವಿಗೆ ಉದ್ದ ಜಾಗಾ ಆಗತೈತೇನ್ರಿ?"

ಗುರುಸಂಗಪ್ಪನವರು ಇಲ್ಲಿ ಮೌನ ವಹಿಸಬೇಕಿತ್ತು. ಆದರೆ ವಿದ್ವಾಂಸನನ್ನು ಬೈದರೆ ಆತ ಸುಮ್ಮನಿರಬಲ್ಲ, ಹೊಡೆದರೂ ಸಹಿಸಿಯಾನು. ಪ್ರಶ್ನೆ ಕೇಳಿದರೆ ಮಾತ್ರ ಅವನಿಂದ ತಡೆಯಲಾಗದು. ಅವರ ಬೆರಳು ತಾನಾಗಿ ಮೇಲೆದ್ದಿತು. "ನೋಡ್ರಪಾ, ಹಾಸುವವನ ಸಂಕಲ್ಪ ಮುಖ್ಯ, ವಸ್ತ್ರದ ಪ್ರಮಾಣ ಗೌಣ. ಆದ್ದರಿಂದ ವಸ್ತ್ರ ಎಷ್ಟೇ ಉದ್ದ ಇರಲಿ, ಒಂದು ವಸ್ತ್ರಕ್ಕೆ ಒಂದೇ ಸ್ಥಾನ." ಹೀಗೆಂದು ತೀರ್ಪು ಕೊಟ್ಟಾದ ಮೇಲೆ ನಾಲಗೆ ಕಚ್ಚಿಕೊಂಡರು.

"ಕೇಳಿದ್ರ್ಯಾ? ಸರ್ ಖುದ್ದ ಹೇಳ್ಯಾರ! ಒಂದ ಅರಿವಿಗೆ ಒಂದ ಜಾಗಾ!" ಎಂದು ಯಮನೂರ ಕೂಗಿದ. ಸರಕಾರದ ಆಜ್ಞೆಯೇ ಹೊರಬಿದ್ದಂತಾಯಿತು. ಕಲ್ಲೇಶ ಹಲ್ಲು ಕಡಿಯುತ್ತ ಸೀರೆಯನ್ನು ಮಡಚಿ, ಮನೆಗೆ ಓಡಿ, ಕರವಸ್ತ್ರಗಳ ಒಂದು ಗಂಟನ್ನೇ ಹೊತ್ತು ತಂದ.

ಗುರುಸಂಗಪ್ಪನವರು ಯೋಚಿಸಿದರು. ತಮ್ಮ ಉತ್ತರೀಯದಿಂದಲೇ ಹುಟ್ಟಿದ ಅನರ್ಥವಲ್ಲವೇ? ಅದನ್ನು ತೆಗೆದರೆ ಶಾಂತಿಯಾದೀತೆಂದು ಮೂಲೆಗೆ ಹೋಗಿ ಎತ್ತಿದರು. ಅದು ನೆಲ ಬಿಟ್ಟು ಮೇಲೇರಿತೋ ಇಲ್ಲವೋ, ಕಲ್ಲೇಶನ ಕರವಸ್ತ್ರ ಗಿಡುಗನಂತೆ ಆ ಮೂಲೆಗೆ ಎರಗಿತು. ಬೇರೆ ದಾರಿಯಿಲ್ಲದೆ ಅವರು ಮದರಸಾಬನ ಟವೆಲಿಗೆ ಕೈಹಾಕಿದರು. ಸುತ್ತಲೂ ಒಮ್ಮೆಲೇ ಹಾಹಾಕಾರವೆದ್ದಿತು.

"ಸರ! ಮಂದಿ ಟವಲ್ ಎತ್ತತೀರಿ? ನೀವು?"

"ಕಾಲಕಾಲೇಶ್ವರನ ಮುಂದ ದೀಪಾ ಹಚ್ಚೂ ಕೈಲೇ ಇಂಥಾ ಕೆಲಸಾ ಮಾಡ್ತಾರೇನ್ರಿ ಯಪ್ಪಾ?" ಎಂದು ಕರೆವ್ವ ಸೆರಗನ್ನು ಬಾಯಿಗೊತ್ತಿದಳು. ಗುರುಸಂಗಪ್ಪನವರು ಟವೆಲನ್ನು ಹಸುಗೂಸಿನಂತೆ ಮೆಲ್ಲಗೆ ಕೆಳಗಿಟ್ಟು, ಕಲ್ಲನ್ನೂ ಮೊದಲಿದ್ದಂತೆಯೇ ಇಟ್ಟರು.

ಆಗ ಒಳಗಿನಿಂದ ಮಹೇಶ್ವರಿಯವರು ಧಾವಿಸಿ ಬಂದರು. "ಗುರುಸಂಗಪ್ಪನವರ, ಸಮಿತಿಯವರು ರೋಣ ಬಿಟ್ರಂತ್ರಿ! ಏನ್ರಿ ಇದು? ಜವಳಿ ಸಂತಿ ಹಚ್ಚೀರೇನು? ಇದನ್ನ ನೋಡಿದ್ರ ಅವರು ಗಾಡಿ ತಿರುವಿ ಸೀದಾ ನರಗುಂದಕ್ಕ ಹೋಗ್ತಾರ!"

"ಜನರಾ! ಗಾಡಿ ನಿಲ್ಲೂ ಜಾಗಾ ಇಲ್ಲಿ ಅಲ್ಲಪಾ! ಜಿನ್ನಿಂಗ್ ಆವರಣದಾಗ ಐತಿ!" ಎಂದು ಗ್ರಂಥಪಾಲರು ಕೊರಳೆತ್ತಿ ಸಾರಿದರು. ಇದು ಅಪ್ಪಟ ಸತ್ಯ. ಆದುದರಿಂದಲೇ ಒಬ್ಬರೂ ನಂಬಲಿಲ್ಲ.

"ಹೌದ್ ಹೌದು. ನಾವು ಅಲ್ಲಿ ಹೋಗೂದು, ನೀವು ಇಲ್ಲಿ ಹಿಡಿಯೂದು," ಎಂದು ಯಮನೂರ ನಕ್ಕ.

ಗುರುಸಂಗಪ್ಪನವರು ಕಣ್ಮುಚ್ಚಿ ನಿಂತರು. ತೊಯ್ದ ವ್ಯಾಕರಣ ಕಣ್ಣ ಮುಂದೆ ಬಂದಿತು, ಗೆದ್ದಲು ತಿಂದ ವೇದಾಂತ ಬಂದಿತು. ಆ ಸಂಕಟದಲ್ಲಿ ಅವರಿಗೊಂದು ಅರಿವು ಮೂಡಿತು: ಬಸ್ಸಿನ ಆಸನದಲ್ಲಿ ಹಾಕಿದ ಟವೆಲನ್ನು ಜನ ತಾವಾಗಿ ಎತ್ತುವುದು ಯಾವಾಗ? ಕಂಡಕ್ಟರು ಹೇಳಿದಾಗ ಅಲ್ಲ. ಹೇಳಿದ್ದನ್ನು ಯಾರು ನಂಬುತ್ತಾರೆ? ಒಬ್ಬನು ಮಾತಿಲ್ಲದೆ ಇನ್ನೊಂದು ಬಸ್ಸಿನತ್ತ ಓಡಿದಾಗ!

ಅವರು ಉತ್ತರೀಯವನ್ನು ಕಂಕುಳಿಗೆ ತುರುಕಿದರು. ಕಚ್ಚೆ ಬಿಗಿದರು. ಯಾರಿಗೂ ಒಂದಕ್ಷರ ಹೇಳದೆ ರೋಣದ ರಸ್ತೆ ಹಿಡಿದು ಓಡತೊಡಗಿದರು.

ಬಯಲಿನ ತಲೆಗಳೆಲ್ಲ ಅತ್ತ ತಿರುಗಿದವು. ಬಳಿಕ ಮದರಸಾಬನ ದನಿ ಸಿಡಿಯಿತು: "ಸರ್ ಓಡಾಕತ್ತಾರ್ರಲೇ! ಖರೇನಾ ಅಲ್ಲೇ ಐತಿ! ಎತ್ರೋ ಅರಿವಿ!"

ಓಡುವುದು ಪಂಡಿತರಿಗೆ ವಿಹಿತವಲ್ಲ. ಒಂದು ಚಪ್ಪಲಿ ಪೇಟೆಯಲ್ಲೇ ಉಳಿಯಿತು. ದಾರಿಯಲ್ಲಿ ಎದುರಾದ ಸಂಬಂಧಿಕರೊಬ್ಬರು "ಯಾರ್ ಹೋದ್ರೋ?" ಎಂದು ಗಾಬರಿಯಿಂದ ಕೇಳಿ, ಉತ್ತರ ಸಿಗದೆ ತಾವೂ ಹಿಂದೆ ಓಡಿದರು. ಹಿಂದೆ ಗಾಳಿಗೆ ಪಟಪಟಿಸುವ ಬಟ್ಟೆಗಳು, ಮುಂದೆ ಏದುಸಿರಿಡುವ ಗ್ರಂಥಪಾಲರು. ನೋಡಿದವರಿಗೆ ಯಾವುದೋ ಅರಸನ ಪತಾಕೆಗಳ ಸೇನೆ ಒಬ್ಬ ಬಡಪಾಯಿಯನ್ನು ಗಡೀಪಾರು ಮಾಡುತ್ತಿರುವಂತೆ ಕಂಡಿತು.

ಜಿನ್ನಿಂಗ್ ಆವರಣದಲ್ಲಿ ಒಂದೇ ಒಂದು ದೊಡ್ಡ ಬೇವಿನ ಮರವಿತ್ತು. ಗುರುಸಂಗಪ್ಪನವರು ಅದರ ನೆರಳಿಗೆ ಬಂದು ಉತ್ತರೀಯ ಹಾಸಿ ಅದರ ಮೇಲೆಯೇ ಕುಸಿದರು. ಸುತ್ತಲೂ ಬಟ್ಟೆಗಳು ಮಳೆಯಂತೆ ಬಿದ್ದವು. ಆವರಣ ವಿಶಾಲವಾಗಿತ್ತು, ಎಲ್ಲರಿಗೂ ಎರಡೆರಡು ಗಾಡಿ ನಿಲ್ಲುವಷ್ಟು ಜಾಗ. ಜಗಳವೇ ಆಗಲಿಲ್ಲ. ಜನರ ಮುಖಗಳು ಅರಳಿದವು.

"ಸರ, ನಾವು ನಿಮ್ಮನ್ನ ಸುಮ್ ಸುಮ್ನ ಅಂದ್ವಿ. ಖರೇ ಮಾತ ಹೇಳಿದ್ರಿ ನೀವು. ತಪ್ಪಾತ್ರಿ," ಎಂದು ಯಮನೂರ ಕೈಮುಗಿದ.

"ಇರ್ಲಿ ಬಿಡಪಾ," ಎನ್ನುತ್ತ ಗುರುಸಂಗಪ್ಪನವರು ಎದ್ದರು. ಉತ್ತರೀಯಕ್ಕೆ ಕೈಹಾಕಿ, ಸಟ್ಟನೆ ಹಿಂದೆಳೆದುಕೊಂಡರು. ಅದನ್ನೆತ್ತಿದರೆ ಇಡೀ ಸೇನೆ ಮತ್ತೆ ಬೆನ್ನು ಹತ್ತುವುದು ನಿಶ್ಚಯ. ಅದು ಅಲ್ಲಿಯೇ ಇರಲಿ. ಒಂದು ಉತ್ತರೀಯ ಹೋದರೆ ಒಂದು ಗ್ರಂಥಾಲಯ ಬರುತ್ತದೆ.

"ಎಲ್ಲಿಗ್ರಿ ಮತ್ತ?" ಎಂದಳು ಕರೆವ್ವ.

"ಕಾಲೇಜಿಗವ್ವಾ. ನೀವು ಇಲ್ಲೇ ಇರ್ರಿ, ಜಾಗಾ ಬಿಡಬ್ಯಾಡ್ರಿ."

"ನಿಮ್ಮಲ್ಲಿ ಗಾಡೀನ ಇಲ್ಲಲ್ಲರಿ ಯಪ್ಪಾ, ಮತ್ತ್ಯಾಕ ಇಷ್ಟ್ ಓಡಿದ್ರಿ?"

ದಣಿದ ಮನುಷ್ಯನಿಗೆ ಸುಳ್ಳು ಹೊಳೆಯುವುದಿಲ್ಲ. "ನನಗ ಗಾಡಿ ಬ್ಯಾಡವ್ವಾ. ನನ್ನ ಪುಸ್ತಕ ಮಳ್ಯಾಗ ತೊಯ್ತಾವ. ಅವಕ್ಕೊಂದು ಗ್ರಂಥಾಲಯ ಆಗ್ಲಿ ಅಂತ ನನ್ನ ಆಸೆ, ಅಷ್ಟ," ಎಂದರು. ಕರೆವ್ವ ಕುಂಟುತ್ತ ಹೋಗುವ ಆ ಒಂಟಿ ಚಪ್ಪಲಿಯ ಮನುಷ್ಯನನ್ನು ನೋಡುತ್ತ ಬಹಳ ಹೊತ್ತು ನಿಂತಳು.

ಬಯಲು ಮತ್ತೆ ಬರಿದಾಗಿತ್ತು. ಒಂದು ಚಿಂದಿಯೂ ಇರಲಿಲ್ಲ. ಮಹೇಶ್ವರಿಯವರು ನೀರು ಚಿಮುಕಿಸಿ, ರಂಗೋಲಿ ಹಾಕಿಸಿದ್ದರು. ಗುರುಸಂಗಪ್ಪನವರು ಈಶಾನ್ಯದ ಮೂಲೆಯಲ್ಲಿ ನಿಂತು ಕಾಯತೊಡಗಿದರು. ಇಲ್ಲಿ ಬಾಗಿಲು, ಅಲ್ಲಿ ವೇದಾಂತ, ಕಿಟಕಿಯ ಬಳಿ ವ್ಯಾಕರಣ ಎಂದು ಗಾಳಿಯಲ್ಲೇ ಪುಸ್ತಕಗಳನ್ನು ಜೋಡಿಸಿದರು. ಸಮಿತಿ ತಡವಾಯಿತು. ಅವರು ಊದುಬತ್ತಿಯನ್ನೂ ಮನಸ್ಸಿನಲ್ಲಿ ಬೆಳಗಿ ಮುಗಿಸಿದರು.

ಕೊನೆಗೊಮ್ಮೆ ಬಂದಿಳಿದ ಸಮಿತಿಯ ಅಧ್ಯಕ್ಷರ ಮುಖ ಹುಣ್ಣಿಮೆಯ ಚಂದ್ರನಂತಿತ್ತು. "ತಡವಾಯಿತು, ಕ್ಷಮಿಸಿ. ದಾರಿಯಲ್ಲಿ ಒಂದು ಅದ್ಭುತ ನೋಡಿ ಬಂದೆವು! ಇಪ್ಪತ್ತು ಊರು ಸುತ್ತಿದ್ದೇನೆ. ಎಲ್ಲಿ ಹೋದರೂ ಜನ ಅಡ್ಡಗಟ್ಟಿ 'ಈ ಜಾಗ ಕೊಡುವುದಿಲ್ಲ' ಎನ್ನುತ್ತಾರೆ. ನಿಮ್ಮ ಊರಿನವರು ಬಿಸಿಲಿನಲ್ಲಿ ನಿಂತು 'ಇಲ್ಲೇ ಮಾಡಿ' ಎಂದು ಬೇಡುತ್ತಿದ್ದಾರೆ!"

"ಗಾಡಿ ನಿಲ್ದಾಣ ತಾನೇ ಸಾಹೇಬ್ರ?" ಎಂದರು ಗುರುಸಂಗಪ್ಪನವರು ಸಂತೋಷದಿಂದ.

"ನಾವೂ ಹಾಗೇ ಎಣಿಸಿದ್ದೆವು. ಕಾಯಿಪಲ್ಲೆ ಮಾರುವ ಒಬ್ಬ ಅಜ್ಜಿಯನ್ನು ಕೇಳಿದೆವು. ಆಕೆ ಏನೆಂದಳು ಗೊತ್ತೇ? 'ಗಾಡಿ ಎಲ್ಲಿ ಬೇಕಾದಲ್ಲಿ ನಿಂತಾವು ಸಾಹೇಬ್ರ, ಮೊದಲು ನಮ್ಮ ಸರ್‌ಗೆ ಒಂದು ಗ್ರಂಥಾಲಯ ಕಟ್ಟಿಕೊಡ್ರಿ' ಎಂದಳು! ಸುತ್ತಲಿದ್ದ ಜನವೆಲ್ಲ ಒಂದೇ ಕೊರಳಿನಿಂದ ಅದನ್ನೇ ಕೂಗಿತು. ನನ್ನ ಕಣ್ಣಲ್ಲಿ ನೀರು ಬಂತು."

ಗುರುಸಂಗಪ್ಪನವರ ಕಣ್ಣಲ್ಲೂ ಬಂತು. "ಪುಣ್ಯಾತ್ಮರು," ಎಂದು ಕೈಮುಗಿದರು.

"'ಎಲ್ಲಿ ಕಟ್ಟೋಣ' ಎಂದು ಕೇಳಿದೆ. ಬೇವಿನ ಮರದ ಕೆಳಗೆ ಕರೆದೊಯ್ದರು. 'ಇಡೀ ಆವರಣದಾಗ ಇದು ಚಲೋ ಜಾಗಾ. ಸರ್ ತಮ್ಮ ಕೈಯಾರೆ ಹಿಡಿದು ಹೋಗ್ಯಾರ. ನಾವು ಕಾಯ್ಕೊಂಡು ನಿಂತೀವಿ' ಎಂದರು. ಹಾಸಿದ್ದ ಉತ್ತರೀಯವನ್ನೂ ತೋರಿಸಿದರು. ಇನ್ನೇನು ಬೇಕು? ಅಲ್ಲಿಯೇ ಮಂಜೂರು ಮಾಡಿ ಬಂದೆ. ಊರ ಜನರೆಲ್ಲರಿಗೂ ಸಾರ್ವಜನಿಕ ಗ್ರಂಥಾಲಯ. ಎಲ್ಲ ಹೊಸ ಪುಸ್ತಕಗಳು! ನಿಮ್ಮ ಹಳೆಯವುಗಳನ್ನು ಸಾಗಿಸುವ ತೊಂದರೆಯೂ ನಿಮಗಿಲ್ಲ. ಅವು ಇದ್ದಲ್ಲೇ ಇರಲಿ."

"ಆದರ ಸಾಹೇಬ್ರ," ಮಹೇಶ್ವರಿಯವರು ನಡುವೆ ಬಾಯಿ ಹಾಕಿದರು, "ಕಾಲೇಜು ಇಲ್ಲಿ ಐತಿ. ಮತ್ತ ಈ ಬಯಲು?"

"ಅದನ್ನೇ ಹೇಳಲು ಬಂದೆ. ಗಾಡಿಗಳಿಗೆ ಇಷ್ಟು ಸ್ವಚ್ಛವಾದ, ತಂಟೆತಕರಾರಿಲ್ಲದ ಜಾಗ ಊರ ನಡುವೆ ಬೇರೆ ಎಲ್ಲಿ ಸಿಕ್ಕೀತು? ನಿಲ್ದಾಣ ಇಲ್ಲೇ." ಅಧ್ಯಕ್ಷರು ಗುರುಸಂಗಪ್ಪನವರ ಭುಜ ತಟ್ಟಿದರು. "ಒಂದೇ ವಾರದಲ್ಲಿ ಇದನ್ನು ತೆರವು ಮಾಡಿಸಿದ್ದು ನೀವಂತೆ! ಅದರ ಉಸ್ತುವಾರಿಗೂ ನಿಮ್ಮ ಹೆಸರನ್ನೇ ಸೂಚಿಸಿದ್ದೇನೆ."

ಗುರುಸಂಗಪ್ಪನವರು ಮುಖ ಒರೆಸಿಕೊಳ್ಳಲು ಹೆಗಲು ತಡವಿದರು, ಉತ್ತರೀಯ ಬೇವಿನ ಮರದ ಕೆಳಗಿತ್ತು. ಸಮಿತಿಯ ಕಾರುಗಳು ಧೂಳೆಬ್ಬಿಸಿ ಹೊರಟುಹೋದವು.

ಆ ಧೂಳು ಅಡಗುವ ಮೊದಲೇ ರೋಣದ ರಸ್ತೆಯಿಂದ ಇನ್ನೊಂದು ಧೂಳು ಎದ್ದಿತು. ಸುದ್ದಿ ಸಮಿತಿಗಿಂತ ವೇಗವಾಗಿ ಓಡಿತ್ತು. ಪಟಪಟಿಸುವ ಪಂಚೆಗಳು, ಚಾದರಗಳು, ಕರವಸ್ತ್ರಗಳ ಗಂಟು. ಎಲ್ಲರಿಗೂ ಮುಂದೆ, ವಯಸ್ಸನ್ನೂ ಮೊಣಕಾಲನ್ನೂ ಮರೆತು, ಸಿಂಬೆಯನ್ನು ಎತ್ತಿ ಹಿಡಿದ ಕರೆವ್ವ.

"ನಿಮ್ಮ ಗ್ರಂಥಾಲಯ ಆತಲ್ರಿ ಯಪ್ಪಾ! ನಿಮ್ಮ ಅರಿವೀನ ಯಾರಿಗೂ ಮುಟ್ಟಗೊಡಲಿಲ್ಲ ನೋಡ್ರಿ!" ಎಂದು ಆಕೆ ಏದುಸಿರಿನಲ್ಲೇ ನಕ್ಕಳು. ಆ ನಗೆಯಲ್ಲಿ ಕಪಟದ ಲೇಶವೂ ಇರಲಿಲ್ಲ. ಅದನ್ನು ನೋಡಿ ಸಿಟ್ಟು ಮಾಡಲು ಕಲ್ಲಿನಿಂದಲೂ ಆಗುತ್ತಿರಲಿಲ್ಲ.

"ಭಾಳ ಉಪಕಾರ ಆತವ್ವಾ," ಎಂದರು ಗುರುಸಂಗಪ್ಪನವರು.

"ಇರ್ಲಿ ಬಿಡ್ರಿ, ಅದರಾಗೇನೈತಿ," ಎಂದು ಕರೆವ್ವ ಬಾಗಿ ಅವರ ಪಾದದ ಬಳಿಯ ನೆಲ ನೋಡಿದಳು. "ಈಗ ಒಂಚೂರು ಅತ್ಲಾಗ ಸರೀರಿ ಯಪ್ಪಾ. ನನ್ನ ಮೊಮ್ಮಗನ ಜಾಗಾದಾಗ ನಿಂತೀರಿ."